ಇದ್ದಿಲ ಗೆರೆ ಬಿದ್ದ ಗಡಿಗೆ

"ಗುರುಗಳೇ, ದ್ರಾಕ್ಷಿಯ ಮದ್ಯದಲ್ಲಿ ಯಾವುದು ಒಳ್ಳೆಯದು, ಯಾವುದು ಅಲ್ಲ ಎಂಬುದನ್ನು ಬಲ್ಲವರನ್ನು ಕೇಳಿಯೇ ತಿಳಿಯಬೇಕೆ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ತಂದೆ ನೆಟ್ಟುಹೋದ ದ್ರಾಕ್ಷಿಬಳ್ಳಿಗಳೆಂದರೆ ಅವನಿಗೆ ಪ್ರಾಣ. ಆ ಜಾತಿಯ ಬಳ್ಳಿ ಸುತ್ತಲ ಸೀಮೆಯಲ್ಲಿ ಬೇರೆ ಯಾರ ಬಳಿಯೂ ಇರಲಿಲ್ಲ. ವರ್ಷಕ್ಕೆ ಹತ್ತು ಗಡಿಗೆ ಮದ್ಯ ಹುದುಗಿಸುತ್ತಿದ್ದ. ದಿನವೂ ಊಟದ ಜೊತೆ ಒಂದು ಲೋಟ ಕುಡಿದು ಚಪ್ಪರಿಸುತ್ತಿದ್ದ. ಇಪ್ಪತ್ತು ವರ್ಷದಲ್ಲಿ ಅವನಿಗೆ ಅದರಲ್ಲಿ ಒಂದು ಕೊರತೆಯೂ ಕಂಡಿರಲಿಲ್ಲ.

ಒಮ್ಮೆ ಆ ಊರಿಗೆ ಹೆಸರಾಂತ ಮದ್ಯಪರೀಕ್ಷಕನೊಬ್ಬ ಬಂದ. ನಾಲಿಗೆ ಶುದ್ಧವಾಗಿರಲೆಂದು ಅವನು ಬರಿಹೊಟ್ಟೆಯಲ್ಲೇ ಕೆಲಸಕ್ಕೆ ಕೂರುತ್ತಿದ್ದ. ದಿನಕ್ಕೆ ನೂರು ಗಡಿಗೆ ನೋಡಬೇಕಾದವನು ಎಲ್ಲವನ್ನೂ ನುಂಗುತ್ತ ಕೂತರೆ ಹತ್ತನೆಯದಕ್ಕೇ ಉರುಳಿಬೀಳಬೇಕಾದೀತು. ಆದ್ದರಿಂದ ಒಂದು ಗುಟುಕು ಬಾಯಲ್ಲಿ ಆಡಿಸಿ ಉಗುಳಿಬಿಡುವುದು ಅವನ ಪದ್ಧತಿ. ಒಪ್ಪಿದ ಗಡಿಗೆಗೆ ಸುಣ್ಣದ ಗೆರೆ, ಒಪ್ಪದ್ದಕ್ಕೆ ಇದ್ದಿಲ ಗೆರೆ.

ರೈತನೂ ಒಂದು ಗಡಿಗೆ ಹೊತ್ತು ತಂದ. ಪರೀಕ್ಷಕ ಬಾಯಲ್ಲಿ ಆಡಿಸಿದ, ಉಗುಳಿದ, "ಹುಳಿ ಭಾಳ ಆತು" ಎಂದು ಇದ್ದಿಲು ಎಳೆದ.

ರೈತ ಗಡಿಗೆ ಹೊತ್ತು ಹಿಂತಿರುಗಿದ. ಮನೆಗೆ ಬಂದವನೇ ನಿಂತಲ್ಲೇ, ಬರಿಹೊಟ್ಟೆಯಲ್ಲಿ, ಒಂದು ಗುಟುಕು ಕುಡಿದು ನೋಡಿದ. ಹೌದು, ಹುಳಿಯೇ. ಬಲ್ಲವನೇ ಬಲ್ಲ ಬೆಲ್ಲದ ಸವಿಯ, ನನ್ನಂಥ ಹೆಡ್ಡನಿಗೇನು ಗೊತ್ತು ಎಂದುಕೊಂಡ. ಹೆಂಡತಿ ಅಡ್ಡ ಬಂದಳು, ಕೇಳಲಿಲ್ಲ. ಒಂದೇ ವಾರದಲ್ಲಿ ಬಳ್ಳಿಗಳನ್ನೆಲ್ಲ ಬೇರುಸಹಿತ ಕಿತ್ತು ಸುಟ್ಟ. ಸುಣ್ಣದ ಗೆರೆ ಪಡೆದ ನೆರೆಯವನಿಂದ ಕಡ್ಡಿ ತಂದು ನೆಟ್ಟ. ಕೀಳುವಾಗ ಅತ್ತ, ನೆಡುವಾಗಲೂ ಅತ್ತ.

ಮರುವರ್ಷ ಪರೀಕ್ಷಕ ಕೆಲಸ ಮುಗಿಸಿ ರೈತನ ಮನೆಯ ದಾರಿಯಲ್ಲಿ ಹೊರಟಿದ್ದ. ಹೊಟ್ಟೆ ಚುರುಗುಟ್ಟುತ್ತಿತ್ತು. ರೈತ ಅವನನ್ನು ಕರೆದು ಕೂರಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಖಾರದ ಚಟ್ನಿ ಬಡಿಸಿದ. ಹೊಸ ಬಳ್ಳಿ ಇನ್ನೂ ಫಲ ಕೊಟ್ಟಿರಲಿಲ್ಲ, ಕೊಡಲು ಬೇರೆ ಮದ್ಯ ಇರಲಿಲ್ಲ. ನಾಚುತ್ತಲೇ, ಉಳಿದಿದ್ದ ಕೊನೆಯ ಗಡಿಗೆಯಿಂದ ಒಂದು ಲೋಟ ಬಗ್ಗಿಸಿಟ್ಟ.

ಖಾರ ನೆತ್ತಿಗೇರಿ ಪರೀಕ್ಷಕ ಲೋಟ ಎತ್ತಿದ. ಈ ಸಲ ಅವನು ಉಗುಳಲಿಲ್ಲ. ಬರಿದಾದ ಲೋಟವನ್ನು ಮತ್ತೆ ಮುಂದೆ ಚಾಚಿದ.

"ರೊಟ್ಟಿ ಜೋಡಿ ಇಂಥಾದ್ದು ನಾ ಎಲ್ಲೂ ಕುಡಿದಿಲ್ಲ. ಯಾರ ತೋಟದ್ದರೀ ಇದು?"

"ನಂದ ರೀ. ಹೋದ ವರ್ಷ ನೀವು ಹುಳಿ ಅಂದ್ರಲ್ಲ, ಅದ."

"ಆ ಬಳ್ಳಿ ತೋರಸ್ರಿ."

"ಕಿತ್ತ ಹಾಕೇನ್ರಿ."

ಪರೀಕ್ಷಕನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಂಕಟವಾಯಿತು. "ಎಂಥ ಅನ್ಯಾಯ! ಅಷ್ಟು ದೊಡ್ಡ ಪರೀಕ್ಷಕನ ನಾಲಿಗೆಗೆ ಆ ದಿನ ಏನಾಗಿತ್ತು?" ಎಂದ.

"ಅವನ ನಾಲಿಗೆಗೆ ಏನೂ ಆಗಿರಲಿಲ್ಲ, ಇಪ್ಪತ್ತು ವರ್ಷ ಊಟದ ಜೊತೆ ಸವಿದ ನಾಲಿಗೆಯೊಂದು ರೈತನ ಬಾಯಲ್ಲೂ ಇತ್ತಲ್ಲ."