ಮೂರನೆಯವನ ಕೈ

"ಗುರುಗಳೇ, ದೊಡ್ಡವರು ತಪ್ಪು ಮಾಡುತ್ತಿರುವುದು ಕಣ್ಣಿಗೆ ಕಂಡರೆ, ಅವರ ಕೈಕೆಳಗೆ ಇರುವವನು ಏನು ಮಾಡಬೇಕು?" ಎಂದು ಸಂಗಯ್ಯ ಕೇಳಿದ.

ಸಂಗಯ್ಯ ಮಠದಲ್ಲಿ ಗಂಟೆ ಹೊಡೆಯುವ ಶಿಷ್ಯ. ಕಂಬದ ನೆರಳು ಅಂಗಳದ ಮೂರನೆಯ ಮೆಟ್ಟಿಲು ಮುಟ್ಟಿದ ಕೂಡಲೇ ಅವನು ಹಗ್ಗ ಎಳೆಯಬೇಕು. ಗುರುಗಳು ಪಾಠ ನಿಲ್ಲಿಸಬೇಕು. ಹೊಳೆಯಾಚೆಯಿಂದ ಕೇಳಲು ಬಂದವರು ಕೊನೆಯ ದೋಣಿಗೆ ಹೊರಡಬೇಕು. ಅದು ಮಠದ ಕಟ್ಟಳೆ. ಹಿಂದಿನ ದಿನ ಗುರುಗಳು ಮಾತಿನ ಭರದಲ್ಲಿ ಹೊತ್ತು ಮರೆತರು, ಅವರ ಮಾತು ಕಡಿಯಲು ಅಂಜಿ ಸಂಗಯ್ಯ ಗಂಟೆ ಹೊಡೆಯಲಿಲ್ಲ. ಹನ್ನೊಂದು ಜನಕ್ಕೆ ದೋಣಿ ತಪ್ಪಿತು. ಅವರಲ್ಲಿ ಒಬ್ಬಳು ಎಳೆಗೂಸನ್ನು ಮನೆಯಲ್ಲಿ ಬಿಟ್ಟು ಬಂದಿದ್ದಳು. ಬೆಳಗಾಗುವವರೆಗೂ ಅವಳು ಜಗಲಿಯ ಮೇಲೆ ಕೂತೇ ಇದ್ದಳು.

ಗುರುಗಳು ಸಂಗಯ್ಯನ ಮುಖ ನೋಡಿದರು. ಹಗ್ಗ ಹಿಡಿದೇ ಕೂತುಕೋ, ಒಂದು ಆಟದ ಕತೆ ಹೇಳುತ್ತೇನೆ ಎಂದರು. ಹೊಳೆಯಾಚೆಯ ಜನರೂ ಹತ್ತಿರ ಸರಿದು ಕೂತರು.

ಒಂದು ಊರಿನಲ್ಲಿ ಮೇಲುಪೇಟೆ, ಕೆಳಪೇಟೆ ಎಂದು ಎರಡು ಪೇಟೆಗಳಿದ್ದವು. ನಡುವೆ ಒಂದು ಹುಲ್ಲಿನ ಮೈದಾನ. ಅಲ್ಲಿ ಗುಂಡು ಉರುಳಿಸುವ ಆಟ ನಡೆಯುತ್ತಿತ್ತು. ಮೊದಲು ಒಂದು ಪುಟ್ಟ ಬಿಳಿ ಚೆಂಡನ್ನು ದೂರಕ್ಕೆ ಉರುಳಿಸುತ್ತಾರೆ. ಆಮೇಲೆ ಎರಡೂ ಕಡೆಯವರು ಸರದಿಯಂತೆ ತಮ್ಮ ಮರದ ಗುಂಡುಗಳನ್ನು ಅದರ ಹತ್ತಿರಕ್ಕೆ ಬಿಡುತ್ತಾರೆ. ಯಾರ ಗುಂಡು ಬಿಳಿ ಚೆಂಡಿಗೆ ಹತ್ತಿರವೋ ಅವರಿಗೆ ಅಂಕ. ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಆಡಿ ನೋಡಿದರೆ ಗೊತ್ತಾಗುತ್ತದೆ, ಆ ಗುಂಡಿಗೆ ಒಂದು ಮಗ್ಗುಲು ಭಾರ, ನೆಟ್ಟಗೆ ಬಿಟ್ಟರೆ ಸೊಟ್ಟಗೆ ಹೋಗುತ್ತದೆ.

ಕೆಳಪೇಟೆಯ ತಂಡದಲ್ಲಿ ನಾಲ್ವರು. ಮೊದಲನೆಯವನು ಒಬ್ಬ ತೋಟಗಾರ. ಗುಂಡು ಬಿಡುವವನು ನಿಲ್ಲುವ ಚಾಪೆ ಹಾಸುವುದು, ಬಿಳಿ ಚೆಂಡು ಉರುಳಿಸುವುದು ಅವನ ಪಾಲು. ಆ ಮೈದಾನದ ಹುಲ್ಲು ಕತ್ತರಿಸುತ್ತಿದ್ದವನೂ ಅವನೇ. ಎರಡನೆಯವನು ಹಲಗೆಯ ಮೇಲೆ ಅಂಕ ಬರೆಯುವ ಮೇಷ್ಟರು. ಮೂರನೆಯವನು ದರ್ಜಿ. ಯಾವ ಗುಂಡು ಹತ್ತಿರ ಎಂದು ದಾರ ಹಿಡಿದು ಅಳೆಯುವುದು ಅವನ ಕೆಲಸ. ಅಂಗಿ ಅಳೆದು ಪಳಗಿದ ಕಣ್ಣು, ಒಂದು ನೂಲಿನಷ್ಟು ವ್ಯತ್ಯಾಸವೂ ತಪ್ಪುತ್ತಿರಲಿಲ್ಲ. ನಾಲ್ಕನೆಯವನು ನಾಯಕ, ಒಬ್ಬ ಎಣ್ಣೆ ವ್ಯಾಪಾರಿ.

ಉಳಿದವರು ಆಡುವಾಗ ನಾಯಕ ಆಚೆ ತುದಿಯಲ್ಲಿ, ಬಿಳಿ ಚೆಂಡಿನ ಪಕ್ಕ ನಿಲ್ಲುತ್ತಾನೆ. ಇಷ್ಟು ಎಡಕ್ಕೆ, ಇಷ್ಟು ಮೆಲ್ಲಗೆ ಎಂದು ಕೈ ತೋರಿಸುತ್ತಾನೆ. ಚಾಪೆಯ ಮೇಲಿದ್ದವನು ಆ ಕೈಯನ್ನು ನಂಬಿ ಗುಂಡು ಬಿಡುತ್ತಾನೆ. ನಂಬದೆ ವಿಧಿಯಿಲ್ಲ. ನಲವತ್ತು ಹೆಜ್ಜೆ ದೂರದಿಂದ ಯಾವ ಗುಂಡು ಮುಂದಿದೆ, ಯಾವುದು ಹಿಂದಿದೆ ಎಂದು ಯಾರಿಗೂ ತಿಳಿಯುವುದಿಲ್ಲ. ಕಟ್ಟಕಡೆಗೆ ನಾಯಕನ ಸರದಿ. ಅವನು ಚಾಪೆಗೆ ನಡೆದು ಬರುತ್ತಾನೆ. ಆಗ ಮೂರನೆಯವನು ನಾಯಕನ ಜಾಗದಲ್ಲಿ ನಿಂತು ಕೈ ತೋರಿಸಬೇಕು, ನಾಯಕ ಆ ಕೈಯನ್ನು ನಂಬಬೇಕು. ಆಟ ಕಟ್ಟಿದವರಿಗೆ ತಲೆ ಇತ್ತು ಸಂಗಯ್ಯ. ಎಲ್ಲರಿಗೂ ಅಪ್ಪಣೆ ಕೊಡುವವನು ಒಂದು ಗಳಿಗೆಯಾದರೂ ಇನ್ನೊಬ್ಬನ ಅಪ್ಪಣೆ ಕೇಳಲಿ ಎಂದೇ ಹಾಗೆ ಮಾಡಿದ್ದರು.

ಆದರೆ ವ್ಯಾಪಾರಿಗೆ ಅದು ಹಿಡಿಸಲಿಲ್ಲ. ಹತ್ತು ಸಲ ಗುಂಡು ಬಿಟ್ಟರೆ ಎಂಟು ಸಲ ಅಂದುಕೊಂಡ ಕಡೆ ಹೋಗುತ್ತಿತ್ತು, ಅದರ ಜಂಬ ಬೇರೆ. ದರ್ಜಿ ತಂಡಕ್ಕೆ ಸೇರಿದ ದಿನವೇ ಅವನು ಒಂದು ಮಾತು ಹೇಳಿಬಿಟ್ಟಿದ್ದ. ನಾನು ಚಾಪೆಗೆ ಹೋದಾಗ ನೀನು ಆ ತುದಿಯಲ್ಲಿ ಕೈ ಕಟ್ಟಿ ನಿಲ್ಲು. ನನಗೆ ದಾರಿ ತೋರಿಸುವ ಉಸಾಬರಿ ನಿನಗೆ ಬೇಡ. ನಿನಗಿಂತ ಮುಂಚೆ ಇದ್ದವನನ್ನು ಅದಕ್ಕೇ ಕಳಿಸಿದ್ದು.

ದರ್ಜಿ ಕೈ ಕಟ್ಟಿದ. ಒಂದು ದಿನ ಎರಡು ದಿನವಲ್ಲ, ಆರು ವರ್ಷ. ಈ ನಡುವೆ ನಾಲ್ಕೈದು ಸಲ ವ್ಯಾಪಾರಿ ತಪ್ಪು ಗುಂಡಿಗೆ ಗುರಿ ಇಟ್ಟದ್ದು ಅವನಿಗೆ ಕಂಡಿತ್ತು. ನನಗ್ಯಾಕೆ ಬೇಕು ಎಂದು ಸುಮ್ಮನಿದ್ದ. ಸಣ್ಣಪುಟ್ಟ ಆಟಗಳು, ಸೋತರೆ ಏನು ಮಹಾ ಹೋಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಆದರೆ ಹಾಗೆ ಸುಮ್ಮನಿದ್ದು ಮನೆಗೆ ಹೋದ ದಿನ ಕೈ ಕೆಲಸಕ್ಕೆ ಬಗ್ಗುತ್ತಿರಲಿಲ್ಲ. ಒಮ್ಮೆ ಒಂದು ಜುಬ್ಬಕ್ಕೆ ಎರಡೂ ಎಡತೋಳುಗಳನ್ನೇ ಹೊಲಿದುಬಿಟ್ಟ. ಗಿರಾಕಿ ನಕ್ಕ, ಇವನಿಗೆ ನಗು ಬರಲಿಲ್ಲ.

ಏಳನೆಯ ವರ್ಷ ಎರಡು ಪೇಟೆಗಳಿಗೂ ಮೈದಾನಕ್ಕಾಗಿ ಜಗಳ ಬಿತ್ತು. ಒಂದೇ ಆಟದಲ್ಲಿ ತೀರ್ಮಾನವಾಗಲಿ ಎಂದು ಹಿರಿಯರು ಹೇಳಿದರು. ಗೆದ್ದ ಪೇಟೆಗೆ ಮೈದಾನ, ಸೋತವರು ಇನ್ನು ಮುಂದೆ ಬೇಲಿಯ ಹೊರಗೆ. ಆ ಮಾತು ಕೇಳಿದ ದಿನದಿಂದ ತೋಟಗಾರನಿಗೆ ಅನ್ನ ಸೇರಲಿಲ್ಲ. ಅವನು ಹುಲ್ಲು ಕತ್ತರಿಸುವುದನ್ನು ದರ್ಜಿ ದಿನವೂ ಬೇಲಿಯ ಬಳಿ ನಿಂತು ನೋಡುತ್ತಿದ್ದ.

ಆಟ ಕೊನೆಯ ಸುತ್ತಿನವರೆಗೂ ಸಮಸಮವಾಗಿ ಬಂತು. ಮೇಲುಪೇಟೆಯ ಕೆಂಪು ಗುಂಡುಗಳೆಲ್ಲ ಮುಗಿದವು. ಕೆಳಪೇಟೆಯ ಕರಿ ಗುಂಡು ಒಂದೇ ಉಳಿಯಿತು, ಅದು ವ್ಯಾಪಾರಿಯ ಕೈಯಲ್ಲಿತ್ತು. ಅವನು ಚಾಪೆಯ ಮೇಲೆ ನಿಂತು ನೋಡಿದ. ಬಿಳಿ ಚೆಂಡಿನ ಎದುರಿಗೇ ಒಂದು ಕೆಂಪು ಗುಂಡು ಕೂತಿದೆ. ಅದನ್ನು ಹೊಡೆದು ಹಾರಿಸದೆ ಗತಿಯಿಲ್ಲ ಎಂದು ತೀರ್ಮಾನಿಸಿದ.

ದರ್ಜಿ ಇದ್ದದ್ದು ಬಿಳಿ ಚೆಂಡಿನ ತುದಿಯಲ್ಲಿ. ಬಿಳಿ ಚೆಂಡಿನ ಬೆನ್ನಿಗೇ, ಚಾಪೆಯವನಿಗೆ ಕಾಣದ ಹಾಗೆ, ಒಂದು ಕರಿ ಗುಂಡು ಕೂತಿತ್ತು. ತೋಟಗಾರ ಎಲ್ಲರಿಗಿಂತ ಮೊದಲು ಬಿಟ್ಟ ಗುಂಡು ಅದು. ವ್ಯಾಪಾರಿ ಚಾಪೆಗೆ ನಡೆದ ಮೇಲೆ, ಮೇಲುಪೇಟೆಯ ಕೊನೆಯ ಕೆಂಪು ಗುಂಡು ಬಿಳಿ ಚೆಂಡನ್ನು ಅದರ ಹತ್ತಿರಕ್ಕೆ ತಳ್ಳಿತ್ತು. ಕೆಂಪು ಎರಡು ಬೆರಳು ದೂರ, ಕರಿ ಅರ್ಧ ಬೆರಳು. ಕೆಳಪೇಟೆ ಆಗಲೇ ಗೆದ್ದಿತ್ತು. ಕೊನೆಯ ಗುಂಡನ್ನು ಬಿಡದೆ ಇರುವ ಹಕ್ಕು ಕೊನೆಯವನಿಗೆ ಉಂಟು. ವ್ಯಾಪಾರಿ ಆ ಗುಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಹೋದರೆ ಸಾಕಿತ್ತು.

ದರ್ಜಿ ಕಟ್ಟಿದ ಕೈ ಬಿಚ್ಚಿದ. ಎರಡೂ ಅಂಗೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ, ಬೇಡ ಎಂದು ತೋರಿಸಿದ.

ಮೈದಾನದ ಸುತ್ತ ನೆರೆದ ಜನ ಮೂಗಿನ ಮೇಲೆ ಬೆರಳಿಟ್ಟರು. ವ್ಯಾಪಾರಿಯ ಮುಖ ಕೆಂಪೇರಿತು. ಕೈ ಇಳಿಸು ಎಂದು ಸನ್ನೆ ಮಾಡಿದ. ದರ್ಜಿ ಇಳಿಸಲಿಲ್ಲ. ಪಕ್ಕಕ್ಕೆ ಸರಿ ಎಂದ. ದರ್ಜಿ ಸರಿಯಲಿಲ್ಲ.

"ನಾಳೆಯಿಂದ ನೀನು ಈ ತಂಡದಲ್ಲಿಲ್ಲ," ಎಂದು ವ್ಯಾಪಾರಿ ಅಲ್ಲಿಂದಲೇ ಕೂಗಿದ.

"ನಾಳೆ ಇರಲಿಕ್ಕಿಲ್ಲ, ಯಜಮಾನರೇ. ಈಗ ಇದ್ದೇನೆ. ಈ ತುದಿ ಈಗ ನನ್ನದು. ಅಂಕ ಆಗಲೇ ನಮ್ಮದು, ಗುಂಡು ಬಿಡಬೇಡಿ."

ಆರು ವರ್ಷದಲ್ಲಿ ಅವನು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಅವನ ಕೈ ಎತ್ತಿದಂತೆಯೇ ಇತ್ತು. ವ್ಯಾಪಾರಿ ಒಂದು ಗಳಿಗೆ ಆ ಕೈಯನ್ನು ನೋಡಿದ. ನೋಡಿ, ಬಗ್ಗಿ, ಇದ್ದ ಬಲವೆಲ್ಲ ಹಾಕಿ ಗುಂಡು ಬಿಟ್ಟ.

ಗುರಿ ತಪ್ಪಲಿಲ್ಲ. ಅದೇ ದೊಡ್ಡ ಅನ್ಯಾಯ. ಕರಿ ಗುಂಡು ಹೋಗಿ ಕೆಂಪಿಗೆ ಬಡಿಯಿತು, ಕೆಂಪು ಬಿಳಿ ಚೆಂಡಿಗೆ ಬಡಿಯಿತು. ಚೆಂಡು ಪಕ್ಕಕ್ಕೆ ಹಾರಿ, ಮೂಲೆಯಲ್ಲಿ ಯಾರಿಗೂ ಬೇಡವಾಗಿ ಬಿದ್ದಿದ್ದ ಇನ್ನೊಂದು ಕೆಂಪು ಗುಂಡಿನ ಮಗ್ಗುಲಲ್ಲಿ ಹೋಗಿ ನಿಂತಿತು. ದರ್ಜಿ ಮಂಡಿಯೂರಿ ದಾರ ಹಿಡಿದು ಅಳೆದ. ತನ್ನ ಬಾಯಿಂದಲೇ ಹೇಳಬೇಕಾಯಿತು, ಅಂಕ ಮೇಲುಪೇಟೆಗೆ ಎಂದು. ಮೇಷ್ಟರು ಹಲಗೆಯ ಮೇಲೆ ಬರೆದರು. ತೋಟಗಾರ ಚಾಪೆ ಸುತ್ತಿಕೊಂಡು, ಹಿಂದಕ್ಕೆ ನೋಡದೆ ಬೇಲಿ ದಾಟಿದ.

ಜನರೆಲ್ಲ ಹೋದ ಮೇಲೆ ವ್ಯಾಪಾರಿ ದರ್ಜಿಯಿದ್ದ ತುದಿಗೆ ಬಂದ. ಹುಲ್ಲಿನ ಮೇಲೆ ಗುಂಡುಗಳು ಇದ್ದ ಗುರುತು ಹಾಗೇ ಇತ್ತು. ಅವನು ಕೂತು ಆ ಗುರುತುಗಳನ್ನು ಬೆರಳಿನಿಂದ ಮುಟ್ಟಿ ನೋಡಿದ. ತಾನು ಏನು ಮಾಡಿದೆ ಎಂದು ಅವನಿಗೆ ಅರ್ಥವಾಯಿತು. ದರ್ಜಿ ಬೈಗುಳಕ್ಕೆ ಸಿದ್ಧನಾಗಿ ನಿಂತಿದ್ದ, ತಿರುಗಿ ಬೈಯುವುದಕ್ಕೂ ಸಿದ್ಧನಾಗಿದ್ದ. ವ್ಯಾಪಾರಿ ಬೈಯಲಿಲ್ಲ.

"ನನ್ನದು ಸೊಕ್ಕು, ಒಪ್ಪಿದೆ," ಎಂದ. "ಆದರೆ ಆರು ವರ್ಷ ನಾನು ಬಿಟ್ಟ ಗುಂಡಿಗೆಲ್ಲ ನೀನು ಕೈ ಕಟ್ಟಿ ನಿಂತೆ. ತಪ್ಪಾದಾಗಲೂ ನಿಂತೆ. ಒಂದು ದಿನ ಎತ್ತಿದ ಕೈಯನ್ನು ನಾನು ಹೇಗೆ ನಂಬಲಿ?"

ಎದೆಗೆ ಒದ್ದ ಹಾಗಾಯಿತು ದರ್ಜಿಗೆ. ಮನೆಯಿಂದ ಮೈದಾನಕ್ಕೆ ಆರು ವರ್ಷ ಓಡಾಡುತ್ತ, ಮನಸ್ಸಿನಲ್ಲೇ ಈ ಮನುಷ್ಯನಿಗೆ ಹಿಡಿಶಾಪ ಹಾಕಿದ್ದ. ಶಾಪ ಹಾಕುವುದಕ್ಕೆ ಇದ್ದ ಧೈರ್ಯ ಕೈ ಎತ್ತುವುದಕ್ಕೆ ಇರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಆದರೆ ಅವನು ತಲೆ ತಗ್ಗಿಸಲಿಲ್ಲ. ಆ ಆರು ವರ್ಷ ನನ್ನ ತಪ್ಪು ಎಂದ. ಇನ್ನು ಈ ಕೈ ಕಟ್ಟುವುದಿಲ್ಲ, ಬೇಲಿಯ ಹೊರಗೆ ಮಣ್ಣಿನಲ್ಲಿ ಆಡಿದರೂ ಸರಿ, ಎದುರಿಗೆ ನೀವಿರಲಿ, ನಿಮ್ಮಪ್ಪನೇ ಇರಲಿ. ಬೇಕಿದ್ದರೆ ಇಟ್ಟುಕೊಳ್ಳಿ, ಬೇಡವಾದರೆ ಬಿಡಿ. ಅಷ್ಟು ಹೇಳಿ ಅಳತೆಯ ದಾರವನ್ನು ಮಡಿಸಿ ಜೇಬಿಗೆ ಹಾಕಿಕೊಂಡು ನಡೆದ.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು. ಎಳೆಗೂಸಿನ ತಾಯಿ ಇವತ್ತೂ ಬಂದಿದ್ದಳು. ಅವಳು ಹೊಳೆಯ ಕಡೆಗೊಮ್ಮೆ, ಮೆಟ್ಟಿಲಿನ ಕಡೆಗೊಮ್ಮೆ ನೋಡುತ್ತಿದ್ದಳು. ಸಂಗಯ್ಯ ಮಾತ್ರ ಮುಂದಕ್ಕೆ ಬಾಗಿ, ಆಮೇಲೆ ವ್ಯಾಪಾರಿ ದರ್ಜಿಯನ್ನು ಇಟ್ಟುಕೊಂಡನೇ, ಕಳಿಸಿದನೇ ಎಂದು ಕೇಳಿದ.

"ನೆರಳು ಮೂರನೆಯ ಮೆಟ್ಟಿಲು ದಾಟಿ ಆಗಲೇ ನಾಲ್ಕನೆಯದಕ್ಕೆ ಬಂತು," ಎಂದರು ಗುರುಗಳು, "ಹಗ್ಗ ಯಾರ ಕೈಯಲ್ಲಿದೆ, ಸಂಗಯ್ಯ?"