ಟ್ರೇಯಲ್ಲಿದ್ದ ಗರಗಸ

ಕಾಲಿನ ಆಪರೇಷನ್ ಕೋಣೆಯಲ್ಲಿ ಇದ್ದದ್ದು ಒಂದೇ ಟ್ರೇ. ಅದರಲ್ಲಿ ಸಣ್ಣ ಚಾಕು, ದೊಡ್ಡ ಗರಗಸ, ಇನ್ನೂ ನಲವತ್ತು ಸಲಕರಣೆಗಳು ಒಟ್ಟಿಗೆ ಸಂಸಾರ ಹೂಡಿದ್ದವು. ಬೆರಳಿನ ಕೆಲಸಕ್ಕೆ ಚಾಕು, ಚಿಮಟ, ಕತ್ತರಿ ಸಾಕಿತ್ತು. ಆದರೂ ‘ಬೇಕಾದೀತು, ಇರಲಿ’ ಎಂದು ಪ್ರತಿ ಸಲವೂ ಇಡೀ ಟ್ರೇ ಬಿಚ್ಚುವುದು ಅಲ್ಲಿಯ ರೂಢಿ. ಬಿಚ್ಚಿದ್ದೆಲ್ಲವನ್ನೂ ತೊಳೆದು, ಹಬೆಯಲ್ಲಿ ಬೇಯಿಸಿ ತರುವವರೆಗೆ ಮುಂದಿನ ರೋಗಿ ಕಾಯಬೇಕು.

ಆ ದಿನ ಎರಡನೆಯ ಸರದಿ ನೀಲವ್ವನದು. ಸಕ್ಕರೆ ಕಾಯಿಲೆಯವಳು, ಕಾಲಿನ ಕಿರುಬೆರಳಲ್ಲಿ ಕೀವು. ಬೆಳಗಿನಿಂದ ಉಪವಾಸ ಕೂತಿದ್ದಳು. ಚಾಕುವಿಗೆ ಸಂಕಟವಾಯಿತು.

“ಗರಗಸಪ್ಪನವರೇ, ತಾವು ಬೇರೆ ಪೆಟ್ಟಿಗೆಯಲ್ಲಿ ಇರಿ. ನಾವು ಮೂವರೇ ಆದರೆ ಬೇಗ ತೊಳೆದಾಗುತ್ತದೆ,” ಎಂದಿತು.

“ನಾನಿಲ್ಲದ ಟ್ರೇಗೆ ಏನು ಮರ್ಯಾದೆ?” ಎಂದಿತು ಗರಗಸ. ಉಳಿದವೂ ಹೌದೌದು ಎಂದವು.

ಎಲ್ಲವೂ ಬೆಂದು ಬರುವಷ್ಟರಲ್ಲಿ ಡಾಕ್ಟರ ಹೊತ್ತು ಮುಗಿದಿತ್ತು. ನರ್ಸ್ ಬಾಗಿಲಿಗೆ ಬಂದು, “ನೀಲವ್ವಾ, ಇವತ್ತ ಆಗಂಗಿಲ್ಲ. ಮುಂದಿನ ವಾರ ಬಾ,” ಎಂದಳು.

ಮುಂದಿನ ವಾರ ನೀಲವ್ವ ಬಂದಾಗ ಬೆರಳು ಕೊಳೆತು, ಆ ಕಪ್ಪು ಬಣ್ಣ ಕಣಕಾಲಿಗೆ ಏರಿತ್ತು. ಡಾಕ್ಟರ ಕೈ ಸಣ್ಣ ಚಾಕುವನ್ನು ದಾಟಿ ಹೋಯಿತು. ‘ಬೇಕಾದೀತು’ ಎಂದು ಇಟ್ಟಿದ್ದ ಗರಗಸ ಅಂದು ಬೇಕಾಯಿತು.