ಜಾಗದ ಒಡೆಯರ ಅಪ್ಪಣೆ

ಮಿಸೌರಿ ನದಿಯ ದಂಡೆಯಲ್ಲಿ ಗಾಸ್ಪಾರ್ ಎಂಬ ಫ್ರೆಂಚನೊಬ್ಬ ತುಪ್ಪಳದ ವ್ಯಾಪಾರ ಮಾಡಿಕೊಂಡಿದ್ದ. ಅಲ್ಲಿಯ ಮೂಲನಿವಾಸಿಗಳ ಹೆಣ್ಣನ್ನೇ ಮದುವೆಯಾಗಿದ್ದ. ಒಂದು ದಿನ ಅಮೆರಿಕದ ಸೈನ್ಯದ ಹೊಸ ಕ್ಯಾಪ್ಟನ್ ಬಂದಿಳಿದ.

“ಎಲವೋ ಪರದೇಶಿ! ಜಾಗದ ಒಡೆಯರ ಅಪ್ಪಣೆಯಿಲ್ಲದೆ ಇಲ್ಲಿ ಯಾರೂ ಇರುವಂತಿಲ್ಲ. ಸಂಜೆಯೊಳಗೆ ಅಂಗಡಿ ಕಿತ್ತುಕೊಂಡು ಹೊರಡು!” ಎಂದು ಗುಡುಗಿದ.

ಗಾಸ್ಪಾರ್ ಟೋಪಿ ತೆಗೆದು ತಲೆಬಾಗಿದ. “ನಾನು ಅಪ್ಪಣೆ ಪಡೆದೇ ಇದ್ದೇನೆ, ದೊರೆ. ತಾವು ಪಡೆದಿರಾ?”

“ನಾನು ಯಾರನ್ನಯ್ಯಾ ಕೇಳಬೇಕು?”

“ಒಡೆಯರು ಒಳಗೇ ಇದ್ದಾರೆ, ಬನ್ನಿ.”

ಒಳಗೆ ಅವನ ಹೆಂಡತಿ ಮೆಕ್ಕೆಜೋಳದ ರೊಟ್ಟಿ ಸುಡುತ್ತಿದ್ದಳು.

“ಇವಳ ಅಜ್ಜನ ಅಜ್ಜನೂ ಇಲ್ಲೇ ಹುಟ್ಟಿದವನು. ನನಗೆ ಅಪ್ಪಣೆ ಕೊಡುವ ಮುಂಚೆ ಎರಡು ಚಳಿಗಾಲ ಸತಾಯಿಸಿದಳು. ನೀವೂ ಕೇಳಿ ನೋಡಿ,” ಎಂದ ಗಾಸ್ಪಾರ್.

ಕ್ಯಾಪ್ಟನ್ ಒಂದು ಹೆಜ್ಜೆ ಮುಂದಿಟ್ಟ. ಅವಳು ಅವನ ಕಾಲನ್ನೇ ನೋಡಿದಳು.

“ಮೊದಲು ಆ ಕೆಸರು ಬೂಟು ಹೊರಗೆ ಬಿಚ್ಚಿಟ್ಟು ಬರಲಿ. ಆಮೇಲೆ ಯೋಚಿಸೋಣ.”

ಕ್ಯಾಪ್ಟನ್ ಹೊರಗೆ ಹೋಗಿ, ಮೆಟ್ಟಿಲ ಮೇಲೆ ಕೂತು, ತೆಪ್ಪಗೆ ಬೂಟು ಬಿಚ್ಚತೊಡಗಿದ.